ವೇಬ್ರಿಜ್ ಮೇಲೊಂದು ಮನೆ

ಅಡಿಲೇಡ್‌ ಹೊರವಲಯದ ಆ ವೇಬ್ರಿಜ್ ಮೇಲೆ ನಿಂತಿದ್ದದ್ದು ಲಾರಿಯಲ್ಲ, ಮನೆ. ಹಾಸಿಗೆ, ಒಲೆ, ಫ್ರಿಜ್, ಕೈ ತೊಳೆಯುವ ಸಿಂಕು, ಕಿಟಕಿಗೆ ಪರದೆ ಎಲ್ಲವೂ ಇದ್ದ, ಎರಡು ಚಕ್ರದ ಬಿಳಿ ಕ್ಯಾರವಾನ್. ಕಾರಿನ ಕೊಂಡಿ ಕಳಚಿ ಅದೊಂದನ್ನೇ ತೂಗಿದರು. ಪರದೆಯಲ್ಲಿ ಬಂದದ್ದು 2,360 ಕಿಲೋ. ಬಾಗಿಲ ಬಳಿಯ ತಗಡಿನಲ್ಲಿ ಅಚ್ಚಾಗಿದ್ದ ಗರಿಷ್ಠ ತೂಕ 2,300. ಅಳಿಯ ತಲೆ ಕೆರೆದುಕೊಂಡ. 'ಅತ್ತೆಗೆ ಹೇಳಿದ್ದೆ ಮಾವ, ಗ್ರೈಂಡರ್ ಬೇಡ ಅಂತ.'

ಜುಲೈ ಶಾಲಾ ರಜೆಗೆ ಮಗಳು, ಅಳಿಯ, ಮೊಮ್ಮಗಳು ಅಡಿಲೇಡ್‌ನಿಂದ ಪರ್ತ್‌ಗೆ ಹೊರಟಿದ್ದಾರೆ. ಸುಮಾರು 2,700 ಕಿಲೋಮೀಟರ್, ನಡುವೆ ನಲಾರ್ಬರ್ ಬಯಲು. ಅವರಿಗಿದು ಮೊದಲ ಕ್ಯಾರವಾನ್ ಪ್ರವಾಸ. ಅಷ್ಟರೊಳಗೆ ನಮ್ಮ ವಾಪಸ್ ಟಿಕೆಟ್ ಇರುವುದರಿಂದ ನಾನು ಹೋಗುತ್ತಿಲ್ಲ. ಆದರೆ ಈ ತಯಾರಿಯನ್ನು ನೋಡಿದ್ದೇ ನನಗೊಂದು ಪ್ರವಾಸವಾಯಿತು. ಊಟದ ಮೇಜಿನ ಮೇಲೆ ಹರಡಿದ್ದ ನಕ್ಷೆಗಿಂತ ಆ ವೇಬ್ರಿಜ್ ಚೀಟಿಯೇ ಹೆಚ್ಚು ಕಲಿಸಿತು.

ಲೆಕ್ಕ ಹೀಗಿದೆ. ಖಾಲಿ ಕ್ಯಾರವಾನ್ 1,900 ಕಿಲೋ. ತುಂಬಬಹುದಾದದ್ದು 400 ಮಾತ್ರ. ಎಂಬತ್ತು ಲೀಟರಿನ ಎರಡು ತೊಟ್ಟಿ ನೀರು ಹಿಡಿದರೆ ಅದರಲ್ಲಿ 160 ಹೋಯಿತು. ನೀರನ್ನು ಬಿಟ್ಟು ಹೋಗುವಂತಿಲ್ಲ, ಬಯಲಿನಲ್ಲಿ ಇಂಧನ, ಊಟ ಸಿಗುವ ರೋಡ್‌ಹೌಸ್‌ಗಳಲ್ಲಿ ತೊಟ್ಟಿ ತುಂಬಿಸಿಕೊಳ್ಳುವಷ್ಟು ನೀರು ಕೊಡುವುದಿಲ್ಲ. ಗ್ಯಾಸ್ ಸಿಲಿಂಡರು, ಎರಡನೇ ಬ್ಯಾಟರಿ, ಬಿಸಿಲಿಗೆ ಬಿಚ್ಚುವ ಚಪ್ಪರ ಸೇರಿ ಇನ್ನೊಂದು ನೂರು. ಉಳಿದ ನೂರ ನಲವತ್ತು ಕಿಲೋದಲ್ಲಿ ಬಟ್ಟೆ, ಪಾತ್ರೆ, ಕುರ್ಚಿ, ಸಲಕರಣೆ ಪೆಟ್ಟಿಗೆ, ಅಕ್ಕಿ ಎಲ್ಲವೂ ಹಿಡಿಸಬೇಕು. ಗ್ರೈಂಡರ್ ಇಳಿಯಿತು, ಮಡಚುವ ಮೇಜು ಇಳಿಯಿತು, ಹತ್ತು ಕಿಲೋ ಸೋನಾ ಮಸೂರಿ ಚೀಲ ಅರ್ಧವಾಯಿತು. ಪ್ರೆಷರ್ ಕುಕ್ಕರ್ ವಿಷಯಕ್ಕೆ ಮಾತ್ರ ಮಗಳು ಯಾರನ್ನೂ ಬರಗೊಡಲಿಲ್ಲ.

ಒಟ್ಟು ತೂಕದಷ್ಟೇ ಮುಖ್ಯ, ಆ ತೂಕ ಎಲ್ಲಿ ಕೂತಿದೆ ಎನ್ನುವುದು. ಹತ್ತರಲ್ಲೊಂದು ಪಾಲು ಕಾರಿನ ಕೊಂಡಿಯ ಮೇಲೆ ಬಿದ್ದಿರಬೇಕು ಎಂಬುದು ಇಲ್ಲಿಯವರ ರೂಢಿಯ ಲೆಕ್ಕ. ಹಿಂಬದಿ ಭಾರವಾದರೆ ವೇಗದಲ್ಲಿ ಕ್ಯಾರವಾನ್ ಅತ್ತಿತ್ತ ಹೊಯ್ದಾಡತೊಡಗುತ್ತದೆ. ಒಮ್ಮೆ ಶುರುವಾದರೆ ಕಾರನ್ನೂ ಎಳೆದುಕೊಂಡೇ ಉರುಳಬಹುದು. ಎದುರಿಗೆ 36 ಮೀಟರ್ ಉದ್ದದ ರೋಡ್‌ಟ್ರೇನ್ ಲಾರಿ ಬಂದು ಗಾಳಿ ಗುದ್ದಿದಾಗ ಇದರ ಪರೀಕ್ಷೆ ನಡೆಯುತ್ತದೆ. ಮನರಂಜನೆಗೆ ಟಿವಿ, ಹೊರಗೊಂದು ಷವರು, ಹಿಂದೆ ಸೈಕಲ್ ಸ್ಟ್ಯಾಂಡು ಎಂದು ಮಾರುವವರು ತೋರಿಸುವ ಸೊಬಗಿನಲ್ಲಿ ನನಗೆ ನಂಬಿಕೆಯಿಲ್ಲ. ಎಲ್ಲವೂ ಕಿಲೋ.

ಈ ದಾರಿಗೊಂದು ಚರಿತ್ರೆಯಿದೆ. 1841ರಲ್ಲಿ ಶೋಧಯಾತ್ರಿ ಎಡ್ವರ್ಡ್ ಜಾನ್ ಏರ್, ವೈಲೀ ಎಂಬ ಮೂಲನಿವಾಸಿ ಯುವಕನ ನೆರವಿನಿಂದ ಈ ಬಯಲನ್ನು ದಾಟಿ ಬದುಕಿ ಬಂದ. ಜೊತೆಗಿದ್ದ ಮೇಲ್ವಿಚಾರಕ ಬ್ಯಾಕ್ಸ್‌ಟರ್ ದಾರಿಯಲ್ಲೇ ಕೊಲೆಯಾದ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಮಣ್ಣಿನ ರಸ್ತೆ ಬಂತು, 1976ಕ್ಕೆ ಪೂರ್ತಿ ಟಾರಾಯಿತು. ಹೆದ್ದಾರಿಗೆ ಹೆಸರು ಏರ್‌ನದೇ. ವೈಲೀಯ ಹೆಸರಿಟ್ಟಿದ್ದರೆ ತಪ್ಪೇನಿರಲಿಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಪಶ್ಚಿಮ ಆಸ್ಟ್ರೇಲಿಯಾ ಗಡಿಯ ಆಚೆಗಿನ ಯೂಕ್ಲಾ ಎಂಬ ಪುಟ್ಟ ಊರು. ಅಡಿಲೇಡ್‌ನ ಗಡಿಯಾರ ನಮ್ಮದರಂತೆಯೇ ಅರ್ಧ ಗಂಟೆಯ ಬಾಲ ಇಟ್ಟುಕೊಂಡಿದೆ. ಅಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಜುಲೈಯಲ್ಲಿ ಪರ್ತ್‌ನಲ್ಲಿ ಹತ್ತೂವರೆ, ಬೆಂಗಳೂರಿನಲ್ಲಿ ಬೆಳಗಿನ ಎಂಟು. ಯೂಕ್ಲಾದವರು ಇವೆರಡನ್ನೂ ಬಿಟ್ಟು ನಡುಮಧ್ಯೆ ಹನ್ನೊಂದೂಕಾಲು ಇಟ್ಟುಕೊಂಡಿದ್ದಾರೆ. ಕಾನೂನಿನಲ್ಲಿ ಈ ಸಮಯಕ್ಕೆ ಮಾನ್ಯತೆಯಿಲ್ಲ. ಆದರೂ ಪಶ್ಚಿಮಕ್ಕೆ ಕೈಗುನಾ ಎಂಬ ತಾಣದ ಹತ್ತಿರದವರೆಗಿನ ಬೆರಳೆಣಿಕೆಯ ರೋಡ್‌ಹೌಸ್‌ಗಳು ಇದನ್ನೇ ಪಾಲಿಸುತ್ತವೆ. ಗಡಿಯಾರ ತಿದ್ದಿಕೊಳ್ಳಿ ಎಂದು ರಸ್ತೆಬದಿಗೆ ಫಲಕವೂ ಇದೆ. ನಮ್ಮ ಸರ್ಕಾರಿ ಕಚೇರಿಯಲ್ಲಿ ಯಾರಾದರೂ ಮುಕ್ಕಾಲು ಗಂಟೆ ಹಿಂದೆ ನಡೆದರೆ ಅದಕ್ಕೆ ಬೇರೆ ಹೆಸರಿದೆ.

ಎರಡು ರಾಜ್ಯಗಳ ನಡುವೆ ಕೂರುವುದು ಯೂಕ್ಲಾಕ್ಕೆ ಹಳೆಯ ಚಾಳಿ. 1877ರಲ್ಲಿ ಇಲ್ಲಿ ತಂತಿ ಕಚೇರಿ ತೆರೆಯಿತು. ತಮಾಷೆಯೆಂದರೆ ದಕ್ಷಿಣ ಆಸ್ಟ್ರೇಲಿಯಾದವರು ಬಳಸುತ್ತಿದ್ದುದು ಅಮೆರಿಕದ ಮೋರ್ಸ್ ಸಂಕೇತ, ಪಶ್ಚಿಮದವರದು ಅಂತರರಾಷ್ಟ್ರೀಯ ಮೋರ್ಸ್. ಹಾಗಾಗಿ ಪೂರ್ವದಿಂದ ಬಂದ ಸುದ್ದಿಯನ್ನು ಒಬ್ಬ ಕೇಳಿ ಬರೆದುಕೊಳ್ಳಬೇಕು, ಅದನ್ನು ಇನ್ನೊಬ್ಬ ಪಶ್ಚಿಮಕ್ಕೆ ಕುಟ್ಟಬೇಕು. ಒಂದೇ ಖಂಡದೊಳಗೆ ತಂತಿಗೂ ದುಭಾಷಿ! 1890ರ ದಶಕದಲ್ಲಿ ಮೊಲಗಳ ಹಿಂಡು ನುಗ್ಗಿ ಮರಳುದಿಬ್ಬ ಹಿಡಿದಿಟ್ಟಿದ್ದ ಹಸಿರನ್ನೆಲ್ಲ ಮೇಯ್ದುಬಿಟ್ಟಿತು. ಸಡಿಲಗೊಂಡ ಮರಳು ಊರಿನ ಮೇಲೆ ಹರಿದು ಬಂತು. 1927ರಲ್ಲಿ ತಂತಿ ಮಾರ್ಗ ಉತ್ತರದ ರೈಲುಹಾದಿಗೆ ಸ್ಥಳಾಂತರವಾದ ಮೇಲೆ ಕಚೇರಿಗೂ ಬೀಗ ಬಿತ್ತು. ಕಲ್ಲಿನ ಗೋಡೆಗಳು ಇಂದಿಗೂ ಮರಳಿನಲ್ಲಿ ನಿಂತಿವೆ. ಮೊಮ್ಮಗಳಿಗೆ ಈ ಕಥೆಯನ್ನು ಎಷ್ಟು ಸಲ ಹೇಳಿದೆನೆಂದರೆ, ಆಕೆ ಈಗ 'ತಾತ, ಮೊಲ ಬಂತಾ?' ಎಂದು ನನ್ನನ್ನೇ ಅಣಕಿಸುತ್ತಾಳೆ.

ಇನ್ನು ಅಡುಗೆಮನೆ. ಹಣ್ಣುನೊಣ, ಜೇನಿನ ರೋಗಗಳು ಒಳಗೆ ಬರಬಾರದೆಂದು ಪಶ್ಚಿಮ ಆಸ್ಟ್ರೇಲಿಯಾ ಗಡಿಯಲ್ಲಿ ಹಗಲೂ ರಾತ್ರಿ ತಪಾಸಣೆ ನಡೆಸುತ್ತದೆ. ಹಸಿ ಹಣ್ಣು, ತರಕಾರಿ, ಜೇನುತುಪ್ಪ ಅಲ್ಲೇ ಕಸದ ಡಬ್ಬಿಗೆ. ಕರಿಬೇವಿನ ಎಸಳಿದ್ದರೂ ತೋರಿಸಿಯೇ ಮುಂದೆ ಹೋಗಬೇಕು. ಮರಳಿ ಬರುವಾಗ ದಕ್ಷಿಣ ಆಸ್ಟ್ರೇಲಿಯಾದ ಸೆಡುನಾ ಊರಿನಲ್ಲಿ ಹಣ್ಣುನೊಣಕ್ಕಾಗಿ ಇನ್ನೊಂದು ತಪಾಸಣೆ. ಸೆಡುನಾದಿಂದ ಗಡಿಗೆ ಸುಮಾರು 480 ಕಿಲೋಮೀಟರ್. ಅಲ್ಲಿಂದ ಪಶ್ಚಿಮದ ನಾರ್ಸ್‌ಮನ್ ಊರು ತಲುಪುವವರೆಗೆ ಇನ್ನೂ ಏಳುನೂರು ಚಿಲ್ಲರೆ, ನಡುವೆ ಸಂತೆಯೂ ಇಲ್ಲ, ತರಕಾರಿ ಅಂಗಡಿಯೂ ಇಲ್ಲ. ಬೇಯಿಸಿದ್ದಕ್ಕೆ ತಕರಾರಿಲ್ಲವಾದ್ದರಿಂದ ಮಗಳ ಉಪಾಯ ಸರಳ: ಗಡಿಯ ಹಿಂದಿನ ರಾತ್ರಿ ಉಳಿದ ತರಕಾರಿಯನ್ನೆಲ್ಲ ಒಂದೇ ಕುಕ್ಕರಿಗೆ ಹಾಕಿ ಸಾಂಬಾರು. ಆಮೇಲೆ ಅವಲಕ್ಕಿ, ಬೇಳೆ, ಚಟ್ನಿಪುಡಿ, ಹುಣಸೆ ಗೊಜ್ಜು. ಕುಕ್ಕರಿಗೆ ಅಷ್ಟು ಹಟ ಹಿಡಿದದ್ದು ಸುಮ್ಮನೆ ಅಲ್ಲ.

ಡೀಸೆಲ್ ಬಗ್ಗೆ ನಾನು ಹೆದರಿದಷ್ಟು ಹೆದರಬೇಕಿಲ್ಲ. ರೋಡ್‌ಹೌಸ್‌ಗಳ ನಡುವಿನ ಅತಿ ದೊಡ್ಡ ಅಂತರ ಇನ್ನೂರು ಕಿಲೋಮೀಟರಿನೊಳಗೇ ಇದೆ. ಆದರೆ ಕ್ಯಾರವಾನ್ ಎಳೆಯುವ ಕಾರು ಎಂದಿನ ಒಂದೂವರೆಪಟ್ಟು ಕುಡಿಯಬಹುದು, ಎದುರುಗಾಳಿ ಬಂದರೆ ಇನ್ನೂ ಹೆಚ್ಚು, ಬೆಲೆಯೂ ಪೇಟೆಗಿಂತ ಬಹಳ ಜಾಸ್ತಿ. ಕತ್ತಲಾದ ಮೇಲೆ ಓಡಿಸುವುದು ಬೇಡವೇ ಬೇಡ. ಕಾಂಗರೂ, ವಾಂಬ್ಯಾಟ್, ಒಂಟೆ ಮೂರೂ ಒಂದೇ ಎಚ್ಚರಿಕೆ ಫಲಕದಲ್ಲಿವೆ. ಒಂಟೆಗಳ ವಂಶ ನಮ್ಮ ಕಡೆಯದೇ: 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಶೋಧಯಾತ್ರೆಗೆಂದು ಆಗ ಬ್ರಿಟಿಷ್ ಇಂಡಿಯಾದಲ್ಲಿದ್ದ ಕರಾಚಿಯಿಂದ ಹಡಗಿನಲ್ಲಿ ಒಂದು ಹಿಂಡು ಬಂತು, ಆಮೇಲೆ ಸಾಲುಸಾಲು. ಫೋನ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಯುಎಚ್‌ಎಫ್ ರೇಡಿಯೋದ 40ನೇ ಚಾನೆಲ್‌ನಲ್ಲಿ ಲಾರಿಯವರ ಮಾತು ಕೇಳುತ್ತಿರಬೇಕು. ಹಿಂದಿನಿಂದ ಬರುವವನಿಗೆ 'ಈಗ ದಾಟಿ' ಎಂದು ಹೇಳುವುದೂ ಅದರಲ್ಲೇ. ಹೆದ್ದಾರಿಯ ಕೆಲವೆಡೆ ಟಾರಿನ ಮೇಲೆ ಬಿಳಿ ಪಟ್ಟೆ ಎಳೆದಿದ್ದಾರೆ. ಅದು ರೋಗಿಗಳಿಗಾಗಿ ಬರುವ ಫ್ಲೈಯಿಂಗ್ ಡಾಕ್ಟರ್ ಸೇವೆಯ ವಿಮಾನ ಇಳಿಯುವ ಜಾಗ, ಅಲ್ಲಿ ಕ್ಯಾರವಾನ್ ನಿಲ್ಲಿಸಿ ಕಾಫಿ ಕಾಯಿಸಬಾರದು.

ಕೈಗುನಾ ದಾಟಿದರೆ 146.6 ಕಿಲೋಮೀಟರ್ ಒಂದೇ ಒಂದು ತಿರುವಿಲ್ಲದ ರಸ್ತೆ. ಅಳಿಯನಿಗೆ ಅದರದ್ದೇ ಕನಸು. ನನಗೇನೋ ಅದು ನಿದ್ದೆಗೆ ಹೇಳಿಮಾಡಿಸಿದ ದಾರಿಯಂತೆ ಕಾಣುತ್ತದೆ, ಇಬ್ಬರೂ ಸರದಿಯಲ್ಲಿ ಓಡಿಸಿ ಎಂದು ಮಗಳಿಗೆ ಹೇಳಿದ್ದೇನೆ.

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನಮ್ಮವರು ಈ ದಾರಿ ಹಿಡಿಯುವುದಾದರೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಬೇಡ, ಬಿಸಿಲು 45 ಡಿಗ್ರಿ ದಾಟುವ ದಿನಗಳವು. ಜುಲೈ, ಆಗಸ್ಟ್‌ನಲ್ಲಿ ಹೋದರೆ ದಾರಿಯ ಸಮೀಪದ ಹೆಡ್ ಆಫ್ ಬೈಟ್ ಎಂಬ ಕಡಲ ದಂಡೆಯಲ್ಲಿ ಮರಿಯೊಂದಿಗೆ ಬಂದ ತಿಮಿಂಗಿಲಗಳನ್ನೂ ನೋಡಬಹುದು. ಮೊದಲ ಸಲಕ್ಕೆ ಕ್ಯಾರವಾನ್ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಹಣ ಕೊಡುವ ಮುನ್ನ ಬಾಗಿಲ ಬಳಿಯ ತಗಡನ್ನು ಓದಿ, ಸಾಮಾನು ತುಂಬಿದ ಮೇಲೆ ಒಮ್ಮೆ ತೂಗಿಸಿ.