ಕೊಳ್ಳುವುದೋ, ಬೆಳೆಸುವುದೋ?

2024ರ ಮಾರ್ಚ್ 17, ಭಾನುವಾರ. ಹೆಂಡತಿ ಕೇಂದ್ರ ಸರ್ಕಾರದ ನೌಕರಿಯಲ್ಲಿರುವುದರಿಂದ ನಮಗೆ ಲೋಧಿ ಕಾಲೋನಿಯಲ್ಲಿ ಕ್ವಾರ್ಟರ್ಸ್. ಅಲ್ಲಿಂದ ಜೆಎಲ್‌ಎನ್ ಸ್ಟೇಡಿಯಂ ಮೆಟ್ರೋ ನಿಲ್ದಾಣಕ್ಕೆ ನಡೆದು, ರೈಲು ಹತ್ತಿ ದಿಲ್ಲಿ ಗೇಟ್‌ನಲ್ಲಿ ಇಳಿದರೆ ಕೋಟ್ಲಾ ಮೈದಾನ ಹತ್ತಿರವೇ. ಅಂದು ಮಹಿಳಾ ಪ್ರೀಮಿಯರ್ ಲೀಗ್ ಫೈನಲ್, ಡೆಲ್ಲಿ ಕ್ಯಾಪಿಟಲ್ಸ್ ಎದುರು ನಮ್ಮ ಆರ್‌ಸಿಬಿ. ಜೊತೆಗೆ ಬಂದವರು ಪಕ್ಕದ ಮನೆಯ ಅಂಕಲ್, ಅಪ್ಪಟ ದೆಹಲಿಯವರು. ಡೆಲ್ಲಿ ವಿಕೆಟ್ ನಷ್ಟವಿಲ್ಲದೆ 64 ಹೊಡೆದಾಗ ಅವರು ನನ್ನ ಬೆನ್ನು ಸವರಿ, "ಬೇಟಾ, ನಿಮಗೆ ಕಪ್ ಅನ್ನೋದು ಹಣೆಯಲ್ಲಿ ಬರೆದಿಲ್ಲ" ಎಂದರು.

ಆಮೇಲೆ ಸೋಫಿ ಮೊಲಿನೂ ಒಂದೇ ಓವರ್‌ನಲ್ಲಿ ಮೂರು ವಿಕೆಟ್ ಕಿತ್ತಳು. ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ ನಾಲ್ಕು ವಿಕೆಟ್ ಪಡೆದಳು. ಡೆಲ್ಲಿ 113ಕ್ಕೆ ಆಲೌಟ್. ನಾವು ಎಂಟು ವಿಕೆಟ್‌ಗಳಿಂದ ಗೆದ್ದೆವು. ಹದಿನಾರು ವರ್ಷ "ಈ ಸಲ ಕಪ್ ನಮ್ದೇ" ಎಂದು ಕೂಗಿದವರಿಗೆ ಮೊದಲ ಕಪ್ ಸಿಕ್ಕಿದ್ದು ಹೆಣ್ಣುಮಕ್ಕಳಿಂದ, ಅದೂ ದೆಹಲಿಯಲ್ಲಿ.

ಇದೇ ತಂಡ ಹಿಂದಿನ ವರ್ಷ ಮೊದಲ ಐದೂ ಪಂದ್ಯ ಸೋತಿತ್ತು. ಆಗಲೂ ಸ್ಮೃತಿ ಮಂದಾನಾ ಇದ್ದಳು. 3.40 ಕೋಟಿ ರೂಪಾಯಿಗೆ ಬಂದ ಅವಳೇ ಆ ಹರಾಜಿನ ಅತಿ ದುಬಾರಿ ಆಟಗಾರ್ತಿ. ಎಲಿಸ್ ಪೆರ್ರಿಯೂ ಇದ್ದಳು. ಗೆಲ್ಲುವ ವರ್ಷಕ್ಕೆ ಬೇರೆಯವರೂ ಹೊತ್ತುಕೊಂಡರು. ಶ್ರೇಯಾಂಕಾ ಬಂದದ್ದು 10 ಲಕ್ಷಕ್ಕೆ. ಮುಂಬೈ ವಿರುದ್ಧದ ಎಲಿಮಿನೇಟರ್‌ನಲ್ಲಿ ಕೊನೆಯ ಓವರ್ ಹಾಕಿ ಗೆಲ್ಲಿಸಿದ ಆಶಾ ಶೋಭನಾ ಕೂಡ 10 ಲಕ್ಷದವಳೇ, ಮೂವತ್ತು ದಾಟಿದವಳು. ಸೋತ ವರ್ಷದ ಸಿಟ್ಟಿಗೆ ಇವರನ್ನು ಕೈಬಿಟ್ಟಿದ್ದರೆ?

ಗಂಡಸರ ತಂಡದ ಕಥೆ ನಿಮಗೆಲ್ಲ ಗೊತ್ತು. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ ಸುರಿದೆವು, ಎಂಟು ತಂಡಗಳಲ್ಲಿ ಏಳನೆಯವರಾದೆವು. ಮರುವರ್ಷ ಡೆಲ್ಲಿ ಅದೇ ಯುವರಾಜ್‌ಗೆ 16 ಕೋಟಿ ಕೊಟ್ಟಿತು, ಅದೂ ಏಳನೆಯದಾಯಿತು. ಅಂಕಲ್‌ಗೂ ನನಗೂ ಸಮಾನ ದುಃಖ ಇದೊಂದೇ.

ಆದರೆ ಆರ್‌ಸಿಬಿಯ ಅತ್ಯುತ್ತಮ ಆಯ್ಕೆ ದೊಡ್ಡ ಹರಾಜಿನಲ್ಲಿ ನಡೆದದ್ದೇ ಅಲ್ಲ. 2008ರಲ್ಲಿ 19 ವರ್ಷದೊಳಗಿನ ಹುಡುಗರಿಗೆ ಬೇರೆಯದೇ ಡ್ರಾಫ್ಟ್ ಇತ್ತು. ನಿಗದಿತ ಬೆಲೆ, ಸರದಿಯಲ್ಲಿ ಆಯ್ಕೆ. ಆಗಷ್ಟೇ ಕಿರಿಯರ ವಿಶ್ವಕಪ್ ಗೆದ್ದಿದ್ದ ನಾಯಕ ದೆಹಲಿಯ ಹುಡುಗ. ಡೆಲ್ಲಿ ತಂಡಕ್ಕೆ ಅವನನ್ನು ಪಡೆಯುವ ಅವಕಾಶವಿತ್ತು. ಬ್ಯಾಟರ್‌ಗಳು ಸಾಕಷ್ಟಿದ್ದಾರೆ, ಬೌಲರ್ ಬೇಕೆಂದು ಅದು ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿಕೊಂಡಿತು. ವಿರಾಟ್ ಕೊಹ್ಲಿ 12 ಲಕ್ಷಕ್ಕೆ ಬೆಂಗಳೂರಿಗೆ ಬಂದ. ಮೊದಲ ಎರಡು ವರ್ಷ ಹೇಳಿಕೊಳ್ಳುವಂಥದ್ದೇನೂ ಆಡಲಿಲ್ಲ, ಆದರೂ ಬಿಡಲಿಲ್ಲ. "ವಿರಾಟ್ ನಮ್ಮವನು" ಎಂದು ಅಂಕಲ್ ಹೇಳಿದಾಗಲೆಲ್ಲ "ಬಿಟ್ಟವರು ನೀವು, ಕಾದವರು ನಾವು" ಎನ್ನುತ್ತೇನೆ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಈ ಡ್ರಾಫ್ಟ್ 1965ರಿಂದಲೂ ಇದೆ. ಹೂಸ್ಟನ್ ಆಸ್ಟ್ರೋಸ್ ತಂಡ 2011ರಿಂದ ಸತತ ಮೂರು ವರ್ಷ ನೂರಕ್ಕಿಂತ ಹೆಚ್ಚು ಪಂದ್ಯ ಸೋತಿತು. ತಾರೆಯರ ಹಿಂದೆ ಹೋಗದೆ ಹುಡುಗರನ್ನು ಬೆಳೆಸಿ 2017ರಲ್ಲಿ ಚಾಂಪಿಯನ್ ಆಯಿತು. ಆ ಗೆಲುವಿಗೆ ಎದುರಾಳಿಗಳ ಸಂಜ್ಞೆ ಕದ್ದ ಕಳಂಕ ಅಂಟಿದ್ದೂ ನಿಜ. ಅದಿರಲಿ, ಅಷ್ಟು ಸೋಲು ಸಹಿಸುವ ಅಭಿಮಾನಿ ಎಲ್ಲಿದ್ದಾನೆ? ಚಿನ್ನಸ್ವಾಮಿಯಲ್ಲಿ ಸಿಕ್ಕಾನು ಎನ್ನಬಹುದು.

ಈ ಲೆಕ್ಕ ನನ್ನ ತಲೆಗೆ ಹತ್ತಿದ್ದು ಆಟದಿಂದ ಮಾತ್ರವಲ್ಲ. ಆ ಫೈನಲ್ ಆದ ಕೆಲವೇ ದಿನಕ್ಕೆ ಆಫೀಸಿನಲ್ಲಿ ಮ್ಯಾನೇಜರ್ ಕರೆದರು. ಪ್ರಾಜೆಕ್ಟ್ ತಡವಾಗುತ್ತಿತ್ತು. ಇದ್ದ ಹಣದಲ್ಲಿ ಹೆಸರುವಾಸಿ ಸೀನಿಯರ್ ಒಬ್ಬರನ್ನು ತರಬಹುದು, ಇಲ್ಲವೇ ಕ್ಯಾಂಪಸ್‌ನಿಂದ ಮೂವರು ಫ್ರೆಶರ್‌ಗಳನ್ನು. ನಾನು ಫ್ರೆಶರ್‌ಗಳು ಸಾಕು ಎಂದೆ. ನಾನೂ ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿ ಏನೂ ಬಾರದೆ ಬಂದವನೇ. ಮೊದಲ ಆರು ತಿಂಗಳು ನನ್ನ ಕೋಡ್ ತಿದ್ದುವುದೇ ನನ್ನ ಲೀಡ್‌ಗೆ ಕೆಲಸವಾಗಿತ್ತು.

ಮೊದಲ ರಿಲೀಸ್ ಇನ್ನಷ್ಟು ತಡವಾಯಿತು. ಆ ವರ್ಷದ ಅಪ್ರೈಸಲ್‌ನಲ್ಲಿ ನನಗೆ ಪೆಟ್ಟು ಬಿತ್ತು. ಹುಡುಗರು ದಾರಿಗೆ ಬಂದರು ಎನ್ನುವಷ್ಟರಲ್ಲಿ ಮೂವರಲ್ಲಿ ಚುರುಕಾದವಳು ದುಪ್ಪಟ್ಟು ಸಂಬಳಕ್ಕೆ ಬೇರೆ ಕಂಪನಿಗೆ ಹೊರಟಳು. ರಾತ್ರಿ ದಾವಣಗೆರೆಗೆ ಫೋನ್ ಮಾಡಿದಾಗ ಅಪ್ಪನ ಹತ್ತಿರ ಹೇಳಿಕೊಂಡೆ, "ಬೆಳೆಸಿದ್ದು ನಾನು, ಕೊಂಡವರು ಬೇರೆಯವರು."

ಅಪ್ಪ ನಕ್ಕರು. "ಅಲ್ಲೋ, ನಮ್ಮೂರ ಸರ್ಕಾರಿ ಶಾಲೆ ಮೇಷ್ಟ್ರು ನಿನ್ನ ಬಗ್ಗೆನೂ ಹಂಗೇ ಅನ್ಬೇಕಲ್ಲ?"

ಉತ್ತರ ಹೊಳೆಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಕೆ.ಎಲ್. ರಾಹುಲ್ ಇದೇ ಡೆಲ್ಲಿ ಪರ ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ಮೈದಾನ ಎಂದು ತೋರಿಸಿದ್ದ. ನಮ್ಮನ್ನು ಸೋಲಿಸಿದವನ ಮೇಲೆ ಸಿಟ್ಟು ಬರಬೇಕಿತ್ತು. ಆದರೆ ಊರು ಬಿಟ್ಟು ಬದುಕುವ ನಮಗೆ ಆ ವೃತ್ತದ ಅರ್ಥ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಆ ಜೂನ್ 3ರಂದು ಗಂಡಸರೂ ಕಪ್ ಗೆದ್ದರು. ಮರುದಿನವೇ ಸ್ಟೇಡಿಯಂ ಬಳಿ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಅಂಕಲ್‌ಗೆ ತಂದಿಟ್ಟಿದ್ದ ಮೈಸೂರು ಪಾಕನ್ನು ನಾನು ಕೊಡಲಿಲ್ಲ.

ಉಳಿದ ಇಬ್ಬರು ಈಗ ನನ್ನನ್ನು ಕೇಳದೆಯೇ ರಿಲೀಸ್ ಮಾಡುತ್ತಾರೆ. ಹೋದವಳ ಜಾಗಕ್ಕೆ ಮತ್ತೆ ಅದೇ ಪ್ರಶ್ನೆ ಬಂತು. ಈ ಸಲ ಅನುಭವಿಯೊಬ್ಬರನ್ನು ಕೇಳಿ ಪಡೆದೆ, ಒಂದು ಷರತ್ತಿನ ಮೇಲೆ: ವಾರಕ್ಕೆರಡು ದಿನ ಅವರು ಹುಡುಗರ ಜೊತೆ ಕೂರಬೇಕು. ಸ್ಮೃತಿಯೂ ಬೇಕು, ಶ್ರೇಯಾಂಕಾಳೂ ಬೇಕು. ಐದು ಪಂದ್ಯ ಸೋತಾಗ ಸುಮ್ಮನಿರುವ ಮ್ಯಾನೇಜರ್ ಬೇಕೆಂದು ಮಾತ್ರ ಇನ್ನೂ ಯಾರನ್ನೂ ಕೇಳಿಲ್ಲ.