ಹೊಲಿಗೆ ಗೆರೆಗೆ ಲೇಸರ್: ಮಾಸುತ್ತೆ, ಮಾಯ ಆಗಲ್ಲ!

ಹೊಳಲು: ಸಿಸೇರಿಯನ್ ಆಯ್ತು, ಅಪೆಂಡಿಕ್ಸ್ ತೆಗೆದರು, ಥೈರಾಯ್ಡ್ ಗಡ್ಡೆ ಕೊಯ್ದರು. ಜೀವ ಉಳೀತು, ಜೊತೆಗೆ ಗೆರೆಯೂ ಉಳೀತು. ಹೊಟ್ಟೆ ಮೇಲಿನ ಗೆರೆಯನ್ನು ಸೀರೆ ಮುಚ್ಚುತ್ತದೆ. ಕತ್ತಿನ ಗೆರೆಯನ್ನು ಮುಚ್ಚುವುದು ಯಾವುದು? ಮದುವೆಗೆ ಬಂದ ಹೆಣ್ಣುಮಗಳಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

'ಲೇಸರ್ ಹೊಡೆಸಿದ್ರೆ ಹೋಯ್ತದಂತೆ ಕಣಣ್ಣ' ಅನ್ನುವವರಿದ್ದಾರೆ. ಪೂರ್ತಿ ಹೋಗಲ್ಲ ಸ್ವಾಮಿ, ಕಮ್ಮಿ ಆಗುತ್ತದೆ. ಈ ವ್ಯತ್ಯಾಸ ತಿಳಿಯದೆ ಹೋದರೆ ಖಾಲಿಯಾಗುವುದು ನಮ್ಮ ಜೇಬು.

ಕಬ್ಬಿನ ಸೀಮೆಯವರ ಕೊಡುಗೆ

ಈ ಕೆಲಸಕ್ಕೆ ಬಳಸುವ ಕಾರ್ಬನ್ ಡೈ ಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದವರು ಕುಮಾರ್ ಪಟೇಲ್. ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ. ಅದೂ ನಮ್ಮ ಮಂಡ್ಯದ ಹಾಗೆ ಕಬ್ಬಿನ ಸೀಮೆ!

ಈ ಲೇಸರ್ ಗೆರೆಯ ಮೇಲೆ ಸೂಜಿಮೊನೆಗಿಂತ ಸಣ್ಣ ಸುಟ್ಟ ಚುಕ್ಕೆಗಳನ್ನು ಇಡುತ್ತದೆ. ನಡುವೆ ಉಳಿದ ಒಳ್ಳೆಯ ಚರ್ಮ ಆ ಚುಕ್ಕೆಗಳನ್ನು ಬೇಗ ಮಾಯಿಸಿ ಹೊಸ ನಾರು ಕಟ್ಟುತ್ತದೆ. ಗಡುಸು ಗೆರೆ ಮೆತ್ತಗಾಗುತ್ತದೆ, ಉಬ್ಬು ತಗ್ಗುತ್ತದೆ. ಕೆಂಪು ಗೆರೆಗೆ ಬೇರೆಯೇ ಲೇಸರ್ ಉಂಟು; ಅದು ರಕ್ತನಾಳಗಳ ಮೇಲೆ ಕೆಲಸ ಮಾಡುತ್ತದೆ. ಯಾವುದೇ ಆಗಲಿ, ಒಂದೇ ಸಲಕ್ಕೆ ಮುಗಿಯುವುದಿಲ್ಲ. ತಿಂಗಳು, ಒಂದೂವರೆ ತಿಂಗಳ ಅಂತರದಲ್ಲಿ ಹಲವು ಸಲ ಹೋಗಬೇಕು.

ನಮ್ಮ ಬಣ್ಣಕ್ಕೆ ಎಚ್ಚರ ಬೇಕು

ಕಪ್ಪು, ಎಣ್ಣೆಗೆಂಪು ಮೈಬಣ್ಣದವರಿಗೆ ಲೇಸರಿನ ಕಾವು ಹೆಚ್ಚಾದರೆ ಗೆರೆ ಹೋಗುವ ಬದಲು ಸುತ್ತ ಕಪ್ಪು ಕಲೆ ಕೂರಬಹುದು. ಗಾಯದ ಗಡಿ ದಾಟಿ ಬೆಳೆಯುವ ಗಂಟು 'ಕೀಲಾಯ್ಡ್'. ಎದೆ, ಭುಜ, ಕಿವಿಹಾಲೆಯಲ್ಲಿ ಜಾಸ್ತಿ. ಅದಕ್ಕೆ ಬರೀ ಲೇಸರ್ ಸಾಲದು, ಸ್ಟೀರಾಯ್ಡ್ ಇಂಜೆಕ್ಷನ್ನೂ ಬೇಕಾಗುತ್ತದೆ. ಬರೀ ಕೊಯ್ದು ತೆಗೆಸಿದರೆ ಮೊದಲಿಗಿಂತ ದೊಡ್ಡದಾಗಿ ಬೆಳೆದೀತು. ಆದ್ದರಿಂದ ಇದು ಬ್ಯೂಟಿ ಪಾರ್ಲರಿನಲ್ಲಿ ಆಗುವ ಕೆಲಸವಲ್ಲ.

ಮೊದಲು ಅಗ್ಗದ್ದು

ಗೆರೆ ತಾನಾಗೇ ಮಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಗಾಯ ಪೂರ್ತಿ ಒಣಗಿದ ಮೇಲೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸಿಲಿಕೋನ್ ಜೆಲ್ ಅಥವಾ ಪಟ್ಟಿಯನ್ನು ಎರಡು ಮೂರು ತಿಂಗಳು ಬಿಡದೆ ಬಳಸಿ. ಬಿಸಿಲು ತಾಗಿಸಬೇಡಿ. ಹಾಗಂತ ಗೆರೆ ದಿನೇದಿನೇ ಉಬ್ಬುತ್ತಿದ್ದರೆ, ಕಡಿತ, ನೋವು ಇದ್ದರೆ ವರ್ಷ ಕಾಯುತ್ತಾ ಕೂರಬೇಡಿ. ಮಂಡ್ಯ ಬಸ್ ಹತ್ತಿ, ಮಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿ.

ಎಲ್ಲೇ ಲೇಸರ್ ಮಾಡಿಸಿದರೂ ದುಡ್ಡು ಕಟ್ಟುವ ಮುಂಚೆ ಮೂರು ಮಾತು ಕೇಳಿ: ಲೇಸರ್ ಹಿಡಿಯುವವರು ಚರ್ಮದ ಡಾಕ್ಟರೋ? ಒಟ್ಟು ಎಷ್ಟು ಸಲ, ಒಟ್ಟು ಎಷ್ಟು ಖರ್ಚು? ನನ್ನಂಥ ಮೈಬಣ್ಣದವರಿಗೆ ಮಾಡಿದ್ದಕ್ಕೆ ಫೋಟೋ ಇದೆಯೋ?

'ಗೆರೆ ಇದ್ದದ್ದೇ ಗೊತ್ತಾಗಲ್ಲ, ಗ್ಯಾರಂಟಿ' ಅಂದರೋ, ಕೈಮುಗಿದು ಎದ್ದು ಬನ್ನಿ.