ಮುದಿ ಎತ್ತು, ಮುದಿ ಯಂತ್ರ

ಮಣ್ಣೆತ್ತಿನ ಅಮಾವಾಸ್ಯೆಯ ದಿನ ನವಲಗುಂದದ ಬಳಿಯ ಹಳ್ಳಿಯೊಂದರಲ್ಲಿ ಪರಿಚಯದ ರೈತರೊಬ್ಬರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಮಣ್ಣಿನ ಎತ್ತುಗಳಿಗೆ ಪೂಜೆ ನಡೆದಿತ್ತು. ಹೊರಗೆ ಗೋದಲಿಯ ಬಳಿ ನಿಜವಾದ ಎತ್ತೊಂದು ಮುಪ್ಪಿನಿಂದ ಮಲಗಿತ್ತು. “ಇದನ್ನಿನ್ನೂ ಸಾಕುತ್ತಿದ್ದೀರಾ?” ಎಂದೆ. “ದುಡದು ಹಾಕೇತ್ರೀ. ಹೆಂಗ ಬಿಡೂದು? ಆದ್ರ ಕಣಿಕಿ ಹಾಕಾವ್ರು ಯಾರರೆ ಇರಬೇಕಲ್ರೀ,” ಎಂದರು ಯಜಮಾನರು.

ಅವರ ಮಗ ಶಾಲಾ ಮಾಸ್ತರ. ಮರುದಿನ ತನ್ನ ಶಾಲೆಯ ಮೂಲೆಯಲ್ಲಿದ್ದ ಗಣಕಯಂತ್ರವನ್ನು ತೋರಿಸಿದ. ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಹೋದರೆ, ಈ ಸಂಸ್ಕಾರಕ ನಡೆಯದೆಂದು ಪರದೆ ಹೇಳಿಬಿಟ್ಟಿತು. “ಕಾಕಾ, ಯಂತ್ರ ಕೆಟ್ಟಿಲ್ಲ. ಆದ್ರೂ ಬ್ಯಾಡ ಅಂತದ,” ಎಂದ ಅವನ ದನಿಯಲ್ಲಿ ಅವಮಾನದ ಎಳೆಯೊಂದಿತ್ತು.

ಯಂತ್ರದ ಕಬ್ಬಿಣಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುವ ಮೂಲಭಾಗಕ್ಕೆ ಕರ್ನೆಲ್ ಎಂದು ಹೆಸರು; ಕಾಳಿನ ತಿರುಳೆಂದೇ ಆ ಪದದ ಅರ್ಥ. ಲಿನಕ್ಸ್ ಎಂಬ ಕರ್ನೆಲ್ಲಿನ ಕಥೆಯನ್ನೇ ನೋಡಿರಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆದದ್ದು ಇಂಟೆಲ್ 386 ಸಂಸ್ಕಾರಕದ ಮೇಲೆ, ಅದಕ್ಕಾಗಿಯೇ. 1985ರಲ್ಲಿ ಹುಟ್ಟಿದ ಆ ಸಂಸ್ಕಾರಕದಲ್ಲಿ 2,75,000 ಟ್ರಾನ್ಸಿಸ್ಟರುಗಳಿದ್ದವು. 2012ರ ಡಿಸೆಂಬರಿನಲ್ಲಿ ಇಂಗೊ ಮೊಲ್ನಾರ್ ಅದರ ಬೆಂಬಲವನ್ನು ತೆಗೆಯುವ ಬದಲಾವಣೆಯನ್ನು ಮುಂದಿಟ್ಟರು; ಟೊರ್ವಾಲ್ಡ್ಸ್ ಕಣ್ಣೀರಿಡದೆ ಒಪ್ಪಿಕೊಂಡರು. 2013ರ ಫೆಬ್ರುವರಿಯಲ್ಲಿ ಹೊರಬಂದ 3.8ನೆಯ ಆವೃತ್ತಿಗೆ ತಾನು ತೂಗಿದ ತೊಟ್ಟಿಲೇ ಅಪರಿಚಿತವಾಯಿತು.

ಇದು ಕೃತಘ್ನತೆಯೆ? ಕಾರಣವನ್ನೂ ಕೇಳಬೇಕು. ಇಬ್ಬರು ಕುಲಕರ್ಣಿಗಳು ಒಂದೇ ಖಾತೆಯ ಪುಟದಲ್ಲಿ ಏಕಕಾಲಕ್ಕೆ ಬರೆಯಹೊರಟರೆ ಲೆಕ್ಕ ಕೆಡುತ್ತದೆ. ಹಾಗಾಗದಂತೆ, ಹಳೆಯ ಅಂಕಿ ಬದಲಾಗಿಲ್ಲವೆಂದು ನೋಡಿ, ನಡುವೆ ಯಾರೂ ಕೈಯಿಕ್ಕದಂತೆ ಒಂದೇ ಏಟಿಗೆ ಹೊಸದನ್ನು ಬರೆಯುವ ಆಜ್ಞೆಯೊಂದು 1989ರ 486ರಲ್ಲಿ ಬಂದಿತು. 386ಕ್ಕೆ ಅದಿರಲಿಲ್ಲ. ಬರೆಯಬಾರದೆಂದು ಗುರುತು ಮಾಡಿದ ಸ್ಮೃತಿಯ ಪುಟಕ್ಕೂ, ಕರ್ನೆಲ್ ತಾನೇ ಬರೆಯುವಾಗ, 386 ತಡೆಯೊಡ್ಡುತ್ತಿರಲಿಲ್ಲ. ಈ ಕೊರತೆಗಳನ್ನು ತುಂಬಲು ಬೇರೆ ಬರಹವನ್ನು ಕರ್ನೆಲ್ ಹೊತ್ತು ತಿರುಗಬೇಕಾಯಿತು; ಬುಡದ ಭಾಗವನ್ನು ಮುಟ್ಟಿದಾಗಲೆಲ್ಲ ಆ ಹೊರೆ ಕೆಲಸಗಾರರ ಬೆನ್ನೇರಿತು.

ಹಾಗಾದರೆ ತಪ್ಪೆಲ್ಲ ವಯಸ್ಸಿನದೆ? ಅಲ್ಲ. ಮೊಟೊರೋಲಾದ 68020 ಎಂಬುದು 1984ರದು, 386ಕ್ಕಿಂತ ಒಂದು ವರ್ಷ ಹಿರಿದು. ಅದರ ವಂಶಕ್ಕೆ ಲಿನಕ್ಸಿನಲ್ಲಿ ಇನ್ನೂ ಜಾಗವಿದೆ. ಅದನ್ನು ಅಕ್ಕರೆಯಿಂದ ನೋಡಿಕೊಳ್ಳುವ, ಕೆಟ್ಟದ್ದನ್ನು ತಿದ್ದುವ ಜನ ಇದ್ದಾರೆ, ಅಷ್ಟೇ ಗುಟ್ಟು. ಅತ್ತ 2018ರ 4.17ನೆಯ ಆವೃತ್ತಿಯಲ್ಲಿ ಎಂಟು ಸಂಸ್ಕಾರಕ ಕುಲಗಳನ್ನು ಒಮ್ಮೆಗೇ ಕೈಬಿಟ್ಟರು. ಅವುಗಳಲ್ಲಿ ಹಲವು 386ಕ್ಕಿಂತ ಎಷ್ಟೋ ಕಿರಿಯವು, ಆದರೆ ಕೇಳುವವರಿರಲಿಲ್ಲ. 2001ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್‌ನ ಇಟಾನಿಯಂ ಸಹ 2024ರ ಜನವರಿಯಲ್ಲಿ ಹೊರಬಿದ್ದಿತು. ಮುಪ್ಪಿನಿಂದ ಸತ್ತವಕ್ಕಿಂತ ಮೇವಿಲ್ಲದೆ ಸತ್ತವೇ ಹೆಚ್ಚೆನ್ನಬಹುದು.

ಈ ಮಾತು ನಮ್ಮ ಕಲಘಟಗಿ, ಕುಂದಗೋಳ, ಅಣ್ಣಿಗೇರಿಗಳಿಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು. ಪಟ್ಟಣದಲ್ಲಿ ಬಳಸಿ ಬಿಟ್ಟ ಯಂತ್ರವೇ ಎಷ್ಟೋ ಸಲ ಹಳ್ಳಿಯ ಹೊಸ ಯಂತ್ರ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹನ್ನೊಂದನೆಯದು ಹಳೆಯ ಸಂಸ್ಕಾರಕಗಳನ್ನು ಒಪ್ಪದು. ಆಗ ಬಡವರಿಗೆ ಉಳಿಯುವ ಆಸರೆ ಲಿನಕ್ಸ್. ಕರ್ನೆಲ್ 32 ಬಿಟ್ಟಿನ ಯಂತ್ರಗಳನ್ನು ಪೂರ್ತಿ ಬಿಟ್ಟಿಲ್ಲವಾದರೂ, ಅದನ್ನು ಕಟ್ಟಿ ಹಂಚುವ ಡೆಬಿಯನ್ 2025ರ ಆಗಸ್ಟಿನ 13ನೆಯ ಆವೃತ್ತಿಯಿಂದ ಅಂಥ ಯಂತ್ರಗಳಿಗೆ ಸ್ಥಾಪಕವನ್ನು ಕೊಡುತ್ತಿಲ್ಲ. ದೂರದಲ್ಲಿ ಅಳಿಸಿದ ನಾಲ್ಕು ಸಾಲು ಇಲ್ಲಿಯ ಮೇಜೊಂದನ್ನು ಬರಿದು ಮಾಡಬಲ್ಲದು.

ಆದರೂ ಲಿನಕ್ಸಿನಲ್ಲಿ ಒಂದು ಸಮಾಧಾನವುಂಟು. ಅದರ ಬರಹ ಬಹಿರಂಗ. ಕೈಬಿಟ್ಟ ಆವೃತ್ತಿ ಸುಟ್ಟುಹೋಗುವುದಿಲ್ಲ. ಬೇಕಾದವರು ತೆಗೆದು ನಡೆಸಬಹುದು, ಶಕ್ತಿಯಿದ್ದವರು ತಿದ್ದಿಕೊಳ್ಳಬಹುದು. ಆದರೆ ರಕ್ಷಣೆಯ ತಿದ್ದುಪಡಿಗಳು ನಿಂತ ಯಂತ್ರವನ್ನು ಜಾಲಕ್ಕೆ ಜೋಡಿಸುವುದು ಬೇಲಿಯಿಲ್ಲದ ಹೊಲದಲ್ಲಿ ಬೆಳೆ ಬಿಟ್ಟಂತೆ.

ಮಾಸ್ತರನಿಗೆ ಇಷ್ಟನ್ನೇ ಹೇಳಿದೆ. ಅವನು ಹಳೆಯ ಆವೃತ್ತಿಯನ್ನೇ ಹಾಕಿ, ಜಾಲದ ತಂತಿಯನ್ನು ಕಿತ್ತು, ಯಂತ್ರವನ್ನು ಮಕ್ಕಳ ಕನ್ನಡ ಬೆರಳಚ್ಚಿಗೆ ಬಿಟ್ಟಿದ್ದಾನೆ. ಅದು ಇನ್ನು ದೊಡ್ಡ ಹೊಲ ಉಳಲಾರದು. ಹಿತ್ತಲಲ್ಲಿ ನಾಲ್ಕು ಹೆಜ್ಜೆ ನಡೆದೀತು, ಮೇವು ಹಾಕುವವನು ಇರುವ ತನಕ.